ತೊಗರಿಯ ಆನ್‌ಲೈನ್ ಹರಾಜು: ಖರೀದಿದಾರರೇ ಹಿಂಜರಿಯುವುದೇಕೆ?

ಪುಷ್ಯ ಮಾಸ ಬಂತೆಂದರೆ ಭೀಮಾ ತೀರದ ಸೊನ್ನ ಹಾಗೂ ಅದರ ಆಸುಪಾಸಿನ ಹಳ್ಳಿಗಳಲ್ಲಿ ತೊಗರಿಯ ರಾಶಿ ನಡೆದಿರುತ್ತದೆ. ಚೀಲ ತುಂಬಿದ ರೈತನ ಮುಂದೆ ದಾರಿಗಳು ಹಲವು. ಅಫಜಲಪುರದ ಅಡತ್ ಅಂಗಡಿ, ಕಲಬುರಗಿಯ ನೆಹರು ಗಂಜ್, ಗಡಿ ದಾಟಿದರೆ ಮಹಾರಾಷ್ಟ್ರದ ದುಧನಿ ಅಥವಾ ಸೊಲ್ಲಾಪುರ. ಎಲ್ಲಿ ದರ ಹೆಚ್ಚೆಂಬುದನ್ನು ಆತ ಮನೆಯಲ್ಲಿ ಕುಳಿತೇ ಮೊಬೈಲಿನಲ್ಲಿ ತಿಳಿದುಕೊಳ್ಳುತ್ತಾನೆ. ಅದೇ ತೊಗರಿಯನ್ನು ಕೊಳ್ಳಬೇಕಾದ ಬೇಳೆ ಗಿರಣಿದಾರರಾದ ನಾವು ಮಾತ್ರ ಗಂಜಿಗೆ ಹೋಗಿ, ಚೀಲಕ್ಕೆ ಕೈ ಹಾಕಿ, ಹಿಡಿ ಕಾಳನ್ನು ಅಂಗೈಯಲ್ಲಿ ಹರಡಿ ನೋಡದ ಹೊರತು ದರ ನುಡಿಯುವುದಿಲ್ಲ.

ಇದಕ್ಕೆ ವ್ಯವಸ್ಥೆಯೇ ಇಲ್ಲವೆಂದು ಹೇಳುವಂತಿಲ್ಲ. ರಾಜ್ಯ ಸರ್ಕಾರ ಹಾಗೂ ಎನ್‌ಸಿಡಿಇಎಕ್ಸ್ ಸ್ಪಾಟ್ ಎಕ್ಸ್‌ಚೇಂಜ್ ಸಮಪಾಲಿನಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಕಂಪನಿಯು 2014ರಲ್ಲಿಯೇ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಆರಂಭಿಸಿತು. ಕೇಂದ್ರದ ಇ-ನಾಮ್ ಬಂದದ್ದು ಅದಾದ ಎರಡು ವರ್ಷಗಳ ಮೇಲೆ, 2016ರ ಏಪ್ರಿಲ್‌ನಲ್ಲಿ. ಈ ವಿಷಯದಲ್ಲಿ ದೇಶಕ್ಕೆ ಮೇಲ್ಪಂಕ್ತಿ ಹಾಕಿದವರು ನಾವೇ ಎಂಬುದು ನಮ್ಮವರಿಗೇ ಮರೆತುಹೋಗಿದೆ. ಮಾಲು ಪ್ರಾಂಗಣದ ಬಾಗಿಲಿಗೆ ಬಂದೊಡನೆ ಅದಕ್ಕೆ ಲಾಟಿನ ಸಂಖ್ಯೆ ದೊರೆಯುತ್ತದೆ. ನಿಗದಿತ ವೇಳೆಯೊಳಗೆ ಖರೀದಿದಾರರು ತಮ್ಮ ದರವನ್ನು ಗುಪ್ತವಾಗಿ ಗಣಕದಲ್ಲಿ ನಮೂದಿಸುತ್ತಾರೆ. ಅತಿ ಹೆಚ್ಚು ದರ ಬರೆದವರಿಗೆ ಲಾಟು; ಆ ದರ ಒಪ್ಪದಿದ್ದರೆ ತಿರಸ್ಕರಿಸುವ ಹಕ್ಕು ರೈತನಿಗೆ. ಬೀದರಿನಲ್ಲಿ ಕುಳಿತವನು ಯಾದಗಿರಿಯ ಲಾಟಿಗೆ ದರ ಹಾಕಲಿ ಎಂಬುದೇ ಈ ಯೋಜನೆಯ ಮೂಲ ಉದ್ದೇಶ. ಬೀದರಿನವರು ಬರಲಿಲ್ಲ. ಮೊದಲು ಯಾರು ಕೂಗುತ್ತಿದ್ದರೋ ಬಹುಪಾಲು ಅವರೇ ಈಗ ಗಣಕದಲ್ಲಿ ಒತ್ತುತ್ತಿದ್ದಾರೆ.

ಫಲಿತಾಂಶವೂ ಇದನ್ನೇ ಹೇಳುತ್ತದೆ. ಅಮೆರಿಕದ ಎಂಐಟಿಯ ಸಂಶೋಧಕರು ಈ ವೇದಿಕೆಯನ್ನು ಅಧ್ಯಯನ ಮಾಡಿ 2020ರಲ್ಲಿ ಪ್ರಕಟಿಸಿದ ವರದಿಯಂತೆ ಭತ್ತದ ದರ ಶೇ. 5.1, ಶೇಂಗಾ ದರ ಶೇ. 3.6, ಮೆಕ್ಕೆಜೋಳದ ದರ ಶೇ. 3.5ರಷ್ಟು ಏರಿತು. ಹತ್ತಿ, ಹೆಸರು ಮತ್ತು ನಮ್ಮ ತೊಗರಿಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಗುಲಬರ್ಗಾ ತೊಗರಿ ಬೇಳೆಯ ನಾಡಿನವರಿಗೆ ಇದು ಹೆಮ್ಮೆಯ ಸುದ್ದಿಯಲ್ಲ.

ಅಂತರ್ಜಾಲ ನಿಧಾನ, ವಿದ್ಯುತ್ ಹೋಗುತ್ತದೆ, ಗುಮಾಸ್ತರಿಗೆ ತರಬೇತಿ ಇಲ್ಲ ಎಂಬ ಮಾತುಗಳನ್ನು ಸಭೆಗಳಲ್ಲಿ ಕೇಳುತ್ತಲೇ ಬಂದಿದ್ದೇವೆ. ಇವು ನೆಪಗಳೆಂದೇ ನನ್ನ ಅಭಿಪ್ರಾಯ. ಮಗಳ ಮದುವೆಯ ಚಿನ್ನದ ದರವನ್ನು ಮೊಬೈಲಿನಲ್ಲಿ ನೋಡುವ ವ್ಯಾಪಾರಿಗೆ ತೊಗರಿಯ ದರ ಒತ್ತುವುದು ಕಷ್ಟವಲ್ಲ. ತೊಡಕು ಇರುವುದು ಎರಡು ಕಡೆ: ಕಾಳಿನಲ್ಲಿ ಮತ್ತು ಹಣದಲ್ಲಿ.

ಮೊದಲು ಕಾಳು. ತೊಗರಿಯೆಂದರೆ ಬರೀ ತೊಗರಿಯಲ್ಲ. ತೇವಾಂಶ ಶೇ. 12ರ ಒಳಗಿದೆಯೇ, ಕಾಳು ಒಂದೇ ಗಾತ್ರದ್ದೇ, ಹುಳ ಹಿಡಿದದ್ದೆಷ್ಟು, ಮುದುಡಿದ್ದೆಷ್ಟು, ಹೊಸದರಲ್ಲಿ ಹಳೆಯದು ಬೆರೆತಿದೆಯೇ ಎಂಬುದರ ಮೇಲೆ ಕ್ವಿಂಟಲಿಗೆ ಎಷ್ಟು ಬೇಳೆ ಇಳಿಯುತ್ತದೆ ಎಂಬುದು ನಿಂತಿದೆ. ಹಸಿ ಕಾಳನ್ನು ಎಣ್ಣೆ ಹಚ್ಚಿ ಎಷ್ಟು ಒಣಗಿಸಿದರೂ ಸಿಪ್ಪೆ ಸಲೀಸಾಗಿ ಬಿಡುವುದಿಲ್ಲ; ರೋಲರಿನಲ್ಲಿ ಎರಡು ಸಲ ಹೆಚ್ಚು ಹಾಯಿಸಿದರೆ ನುಚ್ಚು ಹೆಚ್ಚುತ್ತದೆ. ಕ್ವಿಂಟಲಿಗೆ ಎರಡು ಕಿಲೋ ಬೇಳೆ ಕಡಿಮೆ ಇಳಿದರೆ ಸಣ್ಣ ಗಿರಣಿದಾರನ ಅಂದಿನ ಲಾಭ ಅಲ್ಲಿಗೆ ಮುಗಿಯಿತು. ಕೆಲವು ವರ್ಷಗಳ ಹಿಂದೆ ನಾನೇ ಬೇರೊಂದು ಜಿಲ್ಲೆಯ ಮಾರುಕಟ್ಟೆಯಿಂದ ಕಣ್ಣಾರೆ ಕಾಣದೆ ನಲವತ್ತು ಚೀಲಗಳ ಲಾಟನ್ನು ಹಿಡಿದೆ. ಮೇಲಿನ ಚೀಲಗಳು ಚಿನ್ನದಂತಿದ್ದವು. ಕೆಳಗಿನವುಗಳಲ್ಲಿ ಕೈಯಿಟ್ಟರೆ ಬೆಚ್ಚಗಿತ್ತು. ಯಾರನ್ನು ಕೇಳುವುದು? ಅಡತಿದಾರರು ಪ್ರಾಂಗಣದವರತ್ತ ಕೈ ತೋರಿಸಿದರು, ಪ್ರಾಂಗಣದವರು ಮಾಲು ಎತ್ತುವಾಗಲೇ ನೋಡಬೇಕಿತ್ತೆಂದರು. ಲಾರಿ ಬಾಡಿಗೆ ಸೇರಿ ನಷ್ಟ ನನ್ನ ತಲೆಗೇ ಬಂತು. ಅಂದಿನಿಂದ ನಾನೂ ಅಂಗೈಯಲ್ಲಿ ಕಾಳು ಹರಡುವವರ ಸಾಲಿಗೆ ಸೇರಿದೆ.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯವರು ಈ ತೊಡಕನ್ನು ಜಾಣತನದಿಂದ ನಿವಾರಿಸಿಕೊಂಡಿದ್ದಾರೆ. ಅಲ್ಲಿ ರೀಲರುಗಳು ಗೂಡುಗಳನ್ನು ಎಂದಿನಂತೆ ಮುಟ್ಟಿ ನೋಡುತ್ತಾರೆ, ದರವನ್ನಷ್ಟೇ ಮೊಬೈಲಿನಲ್ಲಿ ಹಾಕುತ್ತಾರೆ. ಕಣ್ಣನ್ನು ತೆಗೆದುಹಾಕಲಿಲ್ಲ, ಕೂಗನ್ನು ತೆಗೆದುಹಾಕಿದರು. ಆದರೆ ದೂರದ ಖರೀದಿದಾರ ಬರಬೇಕಾದರೆ ಇಷ್ಟು ಸಾಲದು. ಅವನ ಕಣ್ಣಿಗೆ ಬದಲಾಗಿ ನಂಬಬಹುದಾದ ಪರೀಕ್ಷೆಯ ಚೀಟಿ ಬೇಕು, ಮೊಹರು ಮಾಡಿದ ಮಾದರಿ ಪೊಟ್ಟಣ ಬೇಕು, ತಕರಾರು ಬಂದರೆ ಮೂರು ದಿನದೊಳಗೆ ತೀರ್ಮಾನ ಹೇಳುವ ಒಬ್ಬ ಮಧ್ಯಸ್ಥ ಬೇಕು.

ಇನ್ನು ಹಣ. ಇದರ ಬಗ್ಗೆ ನಾವು ಬಹಿರಂಗವಾಗಿ ಮಾತನಾಡುವುದು ಕಡಿಮೆ. ಸುಗ್ಗಿಯ ಎರಡು ತಿಂಗಳಲ್ಲಿ ವರ್ಷದ ಮಾಲು ಹಿಡಿಯಬೇಕಾದ ಗಿರಣಿದಾರನಿಗೆ ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಮಿತಿ ಮೊದಲ ಕೆಲವು ವಾರಗಳಲ್ಲೇ ತೀರುತ್ತದೆ. ಆಮೇಲೆ ಕೈ ಹಿಡಿಯುವವರು ಅಡತಿದಾರರೇ. ರೈತನಿಗೆ ಹಣವನ್ನು ಅವರೇ ಕೊಟ್ಟು, ನಮ್ಮಿಂದ ಬೇಳೆ ಮಾರಿದ ಮೇಲೆ ವಸೂಲು ಮಾಡಿಕೊಳ್ಳುತ್ತಾರೆ. ಆನ್‌ಲೈನ್ ಹರಾಜಿನಲ್ಲಿ ಗೆದ್ದವನು ರೈತನ ಖಾತೆಗೆ ತಡಮಾಡದೆ ಹಣ ಜಮಾ ಮಾಡಬೇಕೆನ್ನುವುದು ನ್ಯಾಯವೇ. ಆದರೆ ಆ ಉದ್ರಿಯ ಜಾಗಕ್ಕೆ ಏನು ಬರಬೇಕೆಂದು ಯಾರೂ ಯೋಚಿಸಲಿಲ್ಲ. ಅಡತಿದಾರರನ್ನು ಮಧ್ಯವರ್ತಿಗಳೆಂದು ಹಳಿಯುವುದು ಸುಲಭ. ಅವರು ಮಾಡುತ್ತಿರುವ ಬ್ಯಾಂಕಿನ ಕೆಲಸವನ್ನು ಬ್ಯಾಂಕು ವಹಿಸಿಕೊಳ್ಳುವ ತನಕ ಅವರ ಅಂಗಡಿಯ ಮೆಟ್ಟಿಲು ಸವೆಯುತ್ತಲೇ ಇರುತ್ತದೆ. ಗೆದ್ದ ಲಾಟಿನ ದಾಖಲೆಯನ್ನೇ ಆಧಾರವಾಗಿಟ್ಟು ಮೂವತ್ತು ದಿನಗಳ ಸಾಲ ಕೊಡುವ ಯೋಜನೆಯೊಂದು ಬಂದರೆ ಅರ್ಧ ಸಮಸ್ಯೆ ತೀರಿದಂತೆ.

ನಮ್ಮ ಸಣ್ಣ ಕೈಗಾರಿಕೆಗಳ ಸದಸ್ಯರು ಇದೇ ಹರಾಜನ್ನು ಇನ್ನೊಂದು ದಡದಿಂದ ಬಲ್ಲರು. ಸರ್ಕಾರದ ಇ-ಸಂಗ್ರಹಣೆ ಜಾಲತಾಣ 2007ರಲ್ಲಿ ಬಂದಾಗ, 2016ರಲ್ಲಿ ಕೇಂದ್ರದ ಜೆಮ್ ಬಂದಾಗ ಅವರು ಮಾರಾಟಗಾರರಾಗಿ ದರ ಇಳಿಸುವ ಹರಾಜಿಗೆ ಕುಳಿತವರು. ಗುಣಮಟ್ಟದ ವಿವರಣೆ ಸಡಿಲವಾಗಿದ್ದರೆ ಕಳಪೆ ಮಾಲಿನವನೇ ಗೆಲ್ಲುತ್ತಾನೆಂಬ ಅವರ ದೂರನ್ನು ತೊಗರಿಯವರು ಗಮನವಿಟ್ಟು ಕೇಳಬೇಕು. ರೋಗ ಎರಡೂ ಕಡೆ ಒಂದೇ.

ಹಾಗೆಂದು ಪ್ರಯತ್ನವೇ ವ್ಯರ್ಥವೆನ್ನಲಾಗದು. 2019ರಲ್ಲಿ ರಾಜ್ಯದ ಒಂದು ಪ್ರಮುಖ ಬೇಳೆಕಾಳು ಮಾರುಕಟ್ಟೆಯಲ್ಲಿ ಅದೇ ಸಂಶೋಧಕರ ಸಲಹೆಯಂತೆ ಎರಡು ಹಂತದ ಹರಾಜು ನಡೆಸಲಾಯಿತು. ಮೊದಲ ಸುತ್ತಿನಲ್ಲಿ ಮುಂದಿದ್ದವರಿಗೆ ಎರಡನೆಯ ಸುತ್ತಿನಲ್ಲಿ ದರ ಏರಿಸಲು ಅವಕಾಶ. ಇಷ್ಟೇ ಬದಲಾವಣೆಯಿಂದ ದರ ಸುಮಾರು ಶೇ. 4.7ರಷ್ಟು ಮೇಲೇರಿತು. ಖರೀದಿದಾರನಾಗಿ ಈ ಅಂಕಿ ಓದಿ ನನ್ನ ಎದೆ ಒಂದು ಕ್ಷಣ ಹಾರಿತೆಂದು ಒಪ್ಪಿಕೊಳ್ಳುತ್ತೇನೆ. ನಮ್ಮ ಹಿಂಜರಿಕೆಯ ಮೂರನೆಯ ಕಾರಣವೂ ಇಲ್ಲಿಯೇ ಇದೆ: ಸ್ಪರ್ಧೆ ಹೆಚ್ಚಿದರೆ ಹೆಚ್ಚು ಕೊಡಬೇಕಾದೀತು. ಆದರೆ ಇಲ್ಲಿ ದರ ಸಿಗದ ತೊಗರಿ ದುಧನಿಗೆ ಹೋಗುತ್ತದೆ, ನಾವು ಮ್ಯಾನ್ಮಾರಿನಿಂದಲೂ ಆಫ್ರಿಕಾದಿಂದಲೂ ಹಡಗಿನಲ್ಲಿ ಬಂದ ಕಾಳನ್ನು ಒಡೆಯುತ್ತ ಕೂರುತ್ತೇವೆ. ಆ ಬೇಳೆಯ ಚೀಲದ ಮೇಲೆ ಗುಲಬರ್ಗಾ ಎಂದು ಬರೆಯುವಂತಿಲ್ಲ.

ಆದುದರಿಂದ ಸಂಸ್ಥೆಯ ಮುಂದೆ ನನ್ನ ಕೋರಿಕೆ ಇಷ್ಟು. ಮುಂದಿನ ಸುಗ್ಗಿಗೆ ಮುನ್ನ ಸದಸ್ಯ ಗಿರಣಿದಾರರಲ್ಲಿ ಕನಿಷ್ಠ ಹತ್ತು ಮಂದಿ ಸೇರಿ ತೇವಾಂಶ ಮಾಪಕ ಮತ್ತು ಮಾದರಿ ಪರೀಕ್ಷೆಯ ಖರ್ಚನ್ನು ಹಂಚಿಕೊಳ್ಳಲಿ. ಆ ಚೀಟಿಯನ್ನೇ ನಂಬಿ ತಲಾ ಒಂದು ಲಾಟನ್ನಾದರೂ ಹೊರಗಿನ ಮಾರುಕಟ್ಟೆಯಿಂದ ಕೊಳ್ಳಲಿ. ಒಮ್ಮೆ ಕೈ ಸುಟ್ಟುಕೊಂಡಿದ್ದರೂ ಪಟ್ಟಿಯಲ್ಲಿ ನನ್ನ ಹೆಸರನ್ನು ಮೊದಲು ಬರೆದುಕೊಳ್ಳಬಹುದು.