ಮಗು ಅತ್ತರೆ ಅಮ್ಮನೇ ಯಾಕೆ ಎದ್ದು ಹೋಗಬೇಕು?

ಕಳೆದ ರಾಜ್ಯೋತ್ಸವದ ರಾತ್ರಿ ನಮ್ಮ ಕ್ಲಬ್‌ನಿಂದ ಹಾಸ್ಟೆಲ್ ಹಿಂದಿನ ಮೈದಾನದಲ್ಲಿ ಪರದೆ ಕಟ್ಟಿ ಸಿನಿಮಾ ಹಾಕಿದ್ದು ನಿಮಗೆ ನೆನಪಿರಬಹುದು. ಪೋಸ್ಟರ್‌ನಲ್ಲಿ ‘ಎಲ್ಲರಿಗೂ ಸ್ವಾಗತ’ ಅಂತ ದೊಡ್ಡದಾಗಿ ಬರೆದಿದ್ದೆವು. ಮೆಸ್‌ನಲ್ಲಿ ಕೆಲಸ ಮಾಡುವ ಅಕ್ಕ ಒಬ್ಬರು ಗಂಡ ಮತ್ತು ಎಂಟು ತಿಂಗಳ ಮಗುವಿನ ಜೊತೆ ಬಂದಿದ್ದರು. ಸಿನಿಮಾ ಶುರುವಾಗಿ ಇಪ್ಪತ್ತು ನಿಮಿಷಕ್ಕೆ ಮಗು ಅಳೋಕೆ ಶುರು ಮಾಡ್ತು. ಹಿಂದಿನಿಂದ ಯಾರೋ ‘ಶ್ಶ್’ ಅಂದ್ರು. ಆ ‘ಯಾರೋ’ ನಾವೇ. ಅಕ್ಕ ಮಗುವನ್ನು ಎತ್ತಿಕೊಂಡು ಎದ್ದು ಹೋದ್ರು, ಮತ್ತೆ ಬರಲಿಲ್ಲ. ಗಂಡ ಕೊನೆಯವರೆಗೂ ಕೂತು ಸಿನಿಮಾ ನೋಡಿದರು.

ಮರುದಿನ ಬೆಳಿಗ್ಗೆ ಇಡ್ಲಿ ಬಡಿಸುತ್ತಾ ಅದೇ ಅಕ್ಕ ಕೇಳಿದ್ರು, “ಏನಪ್ಪಾ, ಕೊನೆಗೆ ಕಥೆ ಏನಾಯ್ತು?” ನಮ್ಮ ಹತ್ತಿರ ಕಥೆ ಇತ್ತು, ಮುಖ ಇರಲಿಲ್ಲ.

ಈ ಸಮಸ್ಯೆಗೆ ಅಮೆರಿಕದಲ್ಲಿ ತೊಂಬತ್ತು ವರ್ಷಗಳ ಹಿಂದೆಯೇ ಒಂದು ಉತ್ತರ ಸಿಕ್ಕಿತ್ತು: ಡ್ರೈವ್-ಇನ್. ಕಾರಿನಲ್ಲೇ ಕೂತು ಬಯಲಿನ ಪರದೆಯಲ್ಲಿ ಸಿನಿಮಾ ನೋಡುವ ಏರ್ಪಾಡು. ನ್ಯೂಜೆರ್ಸಿಯ ರಿಚರ್ಡ್ ಹಾಲಿಂಗ್ಸ್‌ಹೆಡ್ ಇದಕ್ಕಾಗಿ ತನ್ನ ಮನೆಯಂಗಳದಲ್ಲೇ ಪ್ರಯೋಗ ಮಾಡಿದ. ಮರಗಳಿಗೆ ಬಿಳಿ ಬಟ್ಟೆ ಕಟ್ಟಿ, ಕಾರಿನ ಬಾನೆಟ್ ಮೇಲೆ ಪ್ರೊಜೆಕ್ಟರ್ ಇಟ್ಟು, ಪರದೆಯ ಹಿಂದೆ ರೇಡಿಯೊ ಹಚ್ಚಿದ. ಮುಂದಿನ ಕಾರು ಹಿಂದಿನವರಿಗೆ ಅಡ್ಡ ಬರಬಾರದಲ್ಲ? ಅದಕ್ಕೆ ಮುಂದಿನ ಚಕ್ರಗಳ ಕೆಳಗೆ ಹಲಗೆ ಕೊಟ್ಟು ಕೋನ ಲೆಕ್ಕ ಹಾಕಿದ. ಮಳೆ ಬಂದರೆ ಹೇಗೆ ಅಂತ ಹುಲ್ಲಿಗೆ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಬಿಟ್ಟೂ ನೋಡಿದ. 1933ರ ಮೇ ತಿಂಗಳಲ್ಲಿ ಪೇಟೆಂಟ್ ಸಿಕ್ಕಿತು, ಜೂನ್ 6ರಂದು ಮೊದಲ ಡ್ರೈವ್-ಇನ್ ತೆರೆಯಿತು. ಮಕ್ಕಳು ಎಷ್ಟೇ ಗಲಾಟೆ ಮಾಡಲಿ, ಇಡೀ ಕುಟುಂಬಕ್ಕೆ ಸ್ವಾಗತ ಎಂಬುದೇ ಅವನ ಜಾಹೀರಾತು.

ಮೊದಮೊದಲು ಸದ್ದಿನದೇ ತೊಂದರೆ. ಸ್ಪೀಕರ್‌ಗಳು ಪರದೆಯ ಬಳಿ ಇದ್ದವು. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಅಂದರೆ ನೂರು ಮೀಟರ್ ದೂರದ ಕಾರಿಗೆ ಮಾತು ಸುಮಾರು 0.3 ಸೆಕೆಂಡ್ ತಡ, ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ. ಮುಂದೆ 1940ರ ದಶಕದಲ್ಲಿ ಕಾರಿನ ಕಿಟಕಿಗೆ ನೇತುಹಾಕುವ ಪುಟ್ಟ ಸ್ಪೀಕರ್ ಬಂತು. ಅದಾದ ಮೇಲೆ ಕಾರಿನ ರೇಡಿಯೊದಲ್ಲೇ ಎಫ್‌ಎಂ ಮೂಲಕ ಕೇಳುವಂತಾಯ್ತು. ಪ್ರತಿ ಕಾರಿಗೂ ಅದರದೇ ಸದ್ದು. ಮಗು ಕಿರುಚಿದರೆ ಗಾಜು ಏರಿಸಿದರೆ ಆಯ್ತು.

ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಮನೆಮನೆಯಲ್ಲೂ ಮಕ್ಕಳು. 1950ರ ದಶಕದ ಕೊನೆಗೆ ಡ್ರೈವ್-ಇನ್‌ಗಳ ಸಂಖ್ಯೆ ನಾಲ್ಕು ಸಾವಿರ ದಾಟಿತ್ತು. ಪರದೆಯ ಕೆಳಗೆ ಜೋಕಾಲಿ, ಕೆಲವು ಕಡೆ ಹಾಲಿನ ಬಾಟಲಿ ಬಿಸಿ ಮಾಡಿಕೊಡುವ ವ್ಯವಸ್ಥೆ. ಮಕ್ಕಳು ರಾತ್ರಿಯುಡುಪಿನಲ್ಲೇ ಬಂದು ಹಿಂದಿನ ಸೀಟಿನಲ್ಲಿ ನಿದ್ದೆ ಹೋಗುತ್ತಿದ್ದರು. ಆಮೇಲೆ ಟಿವಿ, ವಿಡಿಯೊ, ಏರಿದ ಜಮೀನು ಬೆಲೆ ಸೇರಿ ಬಹುಪಾಲು ಡ್ರೈವ್-ಇನ್‌ಗಳನ್ನು ಮುಚ್ಚಿಸಿದವು.

‘ಕಾರಿದ್ದವರ ಕಥೆ ನಮಗ್ಯಾಕೆ?’ ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಆದರೆ ಕಾರಿಲ್ಲದವರಿಗೂ ನಮ್ಮಲ್ಲಿ ಒಂದು ಜಾಗ ಇತ್ತು. ನಿಮ್ಮ ಅಜ್ಜಿಯನ್ನು ಟೆಂಟ್ ಸಿನಿಮಾ ಬಗ್ಗೆ ಕೇಳಿ ನೋಡಿ. ನೆಲದ ಟಿಕೆಟ್ ತಗೊಂಡು, ಮಣ್ಣಿನ ಮೇಲೆ ಕೂತು, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ನೋಡಿದ ಸಿನಿಮಾದ ಕಥೆಯನ್ನು ಇವತ್ತಿಗೂ ಹೇಳುತ್ತಾರೆ. ಈಗ ಮೆತ್ತನೆ ಕುರ್ಚಿ, ಎಸಿ, ಎದೆ ನಡುಗಿಸುವ ಸ್ಪೀಕರ್ ಎಲ್ಲ ಇದೆ. ಮಗುವಿದ್ದವರಿಗೆ ಮಾತ್ರ ಜಾಗ ಇಲ್ಲ.

ಹಾಗಂತ ಅಳುವನ್ನು ಎಲ್ಲರೂ ಸಹಿಸಿಕೊಳ್ಳಬೇಕು ಅನ್ನುವುದು ನಮ್ಮ ವಾದ ಅಲ್ಲ. ಡೈಲಾಗ್ ಕೇಳಿಸದಿದ್ದರೆ ಯಾರಿಗಾದರೂ ಸಿಟ್ಟು ಬರುತ್ತೆ. ಹಾಲಿಂಗ್ಸ್‌ಹೆಡ್ ಅಮ್ಮನಿಗೂ ಬುದ್ಧಿ ಹೇಳಲಿಲ್ಲ, ಪಕ್ಕದವರಿಗೂ ಹೇಳಲಿಲ್ಲ. ಜಾಗವನ್ನೇ ಬದಲಾಯಿಸಿದ. ನಾವು ಇಲ್ಲಿ ನಾಲ್ಕು ವರ್ಷ ಕಲಿಯುವುದೂ ಅದನ್ನೇ ಅಲ್ವಾ? ಬಳಸುವವರಿಗೆ ತೊಂದರೆ ಆದರೆ ತಪ್ಪು ವಿನ್ಯಾಸದ್ದು, ಬಳಸುವವರದಲ್ಲ.

ಅದಕ್ಕೆ ಈ ನವೆಂಬರ್‌ಗೆ ನಮ್ಮ ಯೋಜನೆ ಇಷ್ಟು. ಸಿನಿಮಾ ಆರೂವರೆಗೇ ಶುರು, ಒಂಬತ್ತರೊಳಗೆ ಮುಗಿಯಬೇಕು. ಹಿಂದೆ, ಬೇವಿನ ಮರದ ಪಕ್ಕ, ಮಕ್ಕಳಿರುವವರಿಗೆ ಜಮಖಾನ. ಅಲ್ಲಿಗೆ ಬೇರೆಯೇ ಒಂದು ಸಣ್ಣ ಸ್ಪೀಕರ್, ಕಡಿಮೆ ಸದ್ದಿನಲ್ಲಿ. ಮಗು ಅತ್ತಾಗಲೂ ಕಥೆ ತಪ್ಪದ ಹಾಗೆ ಸಬ್‌ಟೈಟಲ್. ಹಾಲುಣಿಸಲು ಬಟ್ಟೆಯ ಮರೆ, ಫ್ಲಾಸ್ಕ್‌ನಲ್ಲಿ ಬಿಸಿನೀರು. ಎಲ್ಲ ಸೇರಿದರೂ ನಮ್ಮ ಪೋಸ್ಟರ್ ಖರ್ಚಿಗಿಂತ ಕಡಿಮೆ.

ಮೊನ್ನೆ ಮೆಸ್ ಅಕ್ಕನಿಗೆ ಇದನ್ನು ಹೇಳಿದೆವು. “ಬರ್ತೀನಿ, ಆದ್ರೆ ಅವನು ಈಗ ಅಳಲ್ಲ, ಓಡ್ತಾನೆ” ಅಂದ್ರು. ಸರಿ, ಪ್ರೊಜೆಕ್ಟರ್ ವೈರ್‌ಗಳನ್ನು ನೆಲದಿಂದ ಎತ್ತಿ ಕಟ್ಟುವ ಕೆಲಸವೂ ಪಟ್ಟಿಗೆ ಸೇರಿದೆ. ಕೈಜೋಡಿಸುವವರು ಬನ್ನಿ.