ವಿದೇಶದ ವ್ಯಾಸಂಗ, ಊರಿನ ಲೆಕ್ಕ

‘ದೇಶ ಸುತ್ತು, ಕೋಶ ಓದು’ ಎಂದ ಹಿರಿಯರ ಕಾಲಕ್ಕೆ ಇವು ಎರಡು ಬೇರೆ ಬೇರೆ ಕೆಲಸಗಳಾಗಿದ್ದುವು. ಇಂದಿನ ವಿದ್ಯಾರ್ಥಿಗೆ ಇವೆರಡೂ ಒಂದೇ ಆಗಿವೆ. ಕೋಶ ಓದುವುದಕ್ಕಾಗಿಯೇ ಅವನು ದೇಶ ದಾಟಲು ಹೊರಟಿದ್ದಾನೆ. ಈ ಹಂಬಲವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ನಮ್ಮ ಆಂಡರ್ಸನ್‌ಪೇಟೆಯಂತಹ ಊರಿನವರಿಗೆ ಹಳಿಯುವ ಹಕ್ಕೂ ಇಲ್ಲ. ಇಲ್ಲಿನ ಅನೇಕ ಕುಟುಂಬಗಳ ಹಿರಿಯರು ಚಿನ್ನದ ಗಣಿಯ ಕೂಲಿಯನ್ನು ನಂಬಿ ತಮಿಳು, ತೆಲುಗು ನಾಡಿನ ಹಳ್ಳಿಗಳಿಂದ ಬಂದವರು. ಇಂದಿಗೂ ಸಾವಿರಾರು ಜನ ನಸುಕಿನಲ್ಲಿ ರೈಲು ಹಿಡಿದು, ಬಂಗಾರಪೇಟೆಯನ್ನು ಹಾದು, ಬೆಂಗಳೂರಿಗೆ ದುಡಿಯಲು ಹೋಗಿಬರುತ್ತಾರೆ. ಬದುಕಿಗಾಗಿ ಊರು ಬಿಡುವುದು ನಮಗೆ ಹೊಸತಲ್ಲ. ನಾನು ಕೇಳಬಯಸುವುದು ಇಷ್ಟೆ: ಹೊರಡುವ ಮುನ್ನ ಹಾಕುವ ಲೆಕ್ಕವನ್ನು ಯಾವ ದೇಶದ ಸಂಬಳದಲ್ಲಿ ಹಾಕಬೇಕು?

ಸಾಮಾನ್ಯವಾಗಿ ನಡೆಯುವ ಲೆಕ್ಕ ಎಲ್ಲರಿಗೂ ಗೊತ್ತು. ಓದು ಮುಗಿದೊಡನೆ ಅಲ್ಲೇ ಉದ್ಯೋಗ. ಉದ್ಯೋಗದ ಸಂಬಳ ಡಾಲರಿನಲ್ಲೋ ಪೌಂಡಿನಲ್ಲೋ. ಸಾಲ ಎರಡು ಮೂರು ವರ್ಷದಲ್ಲಿ ಚುಕ್ತಾ. ಈ ಲೆಕ್ಕ ತಪ್ಪೆಂದಲ್ಲ, ಆದರೆ ಅದರ ಒಂದೊಂದು ಅಂಕಿಯೂ ಪರರ ಕೈಯಲ್ಲಿದೆ. ಬ್ರಿಟನ್ ಸರ್ಕಾರವು ಓದು ಮುಗಿಸಿದವರು ಉಳಿದು ದುಡಿಯಲು ಇದ್ದ ಅವಕಾಶವನ್ನು 2012ರಲ್ಲಿ ತೆಗೆದುಹಾಕಿತು; 2021ರಲ್ಲಿ ಎರಡು ವರ್ಷಗಳ ಮಟ್ಟಿಗೆ ಮರಳಿ ಕೊಟ್ಟಿತು; 2027ರ ಜನವರಿಯಿಂದ ಅರ್ಜಿ ಹಾಕುವ ಪದವೀಧರರಿಗೆ ಅದನ್ನು ಹದಿನೆಂಟು ತಿಂಗಳಿಗೆ ಇಳಿಸಲು ನಿರ್ಧರಿಸಿತು. ಜೀವನವೆಚ್ಚಕ್ಕೆಂದು ವಿದ್ಯಾರ್ಥಿ ತೋರಿಸಬೇಕಾದ ಹಣವನ್ನು ಕೆನಡಾ 2024ರ ಜನವರಿಯಲ್ಲಿ 10,000 ಡಾಲರಿನಿಂದ 20,635 ಡಾಲರಿಗೆ ಏರಿಸಿತು. ಅವರ ಮನೆಯ ಕಾನೂನು ಅವರದು, ದೂರಿ ಫಲವಿಲ್ಲ. ಆದರೆ ಪರರ ಒಂದು ನಿರ್ಧಾರದ ಮೇಲೆ ಬದುಕನ್ನೆಲ್ಲ ನಿಲ್ಲಿಸಿದರೆ ಏನಾಗುವುದೆಂಬುದನ್ನು ನಮ್ಮ ಊರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನೂರಿಪ್ಪತ್ತು ವರ್ಷ ಅನ್ನವಿಟ್ಟ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು.

ಆದಕಾರಣ ನನ್ನ ಅಭಿಪ್ರಾಯವಿದು: ಸಾಲವನ್ನು ಬೆಂಗಳೂರಿನ ಸಂಬಳದಲ್ಲಿ ತೀರಿಸಲು ಸಾಧ್ಯವೇ ಎಂದು ಮೊದಲು ನೋಡಬೇಕು. ನೂರಕ್ಕೆ ಹತ್ತರ ಬಡ್ಡಿಯಲ್ಲಿ 20 ಲಕ್ಷ ರೂಪಾಯಿ ಸಾಲವನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 26,400 ರೂಪಾಯಿ ಕಂತು ಕಟ್ಟಬೇಕು. ಓದುವ ಕಾಲದಲ್ಲಿ ಬೆಳೆಯುವ ಬಡ್ಡಿ ಇದರ ಮೇಲಿನ ಮಾತು. ಕೆಲಸ ಸಿಗದೆ ಮರಳಿ ಬಂದು, ದಿನವೂ ರೈಲಿನಲ್ಲಿ ಓಡಾಡಿ ಗಳಿಸುವ ಸಂಬಳದಲ್ಲಿ ಈ ಕಂತು ಕಟ್ಟಿ ಮನೆ ನಡೆಯುವುದಾದರೆ, ನಿಶ್ಚಿಂತೆಯಿಂದ ಹೊರಡಬಹುದು. ನಡೆಯದಾದರೆ ಇನ್ನೂ ಅಗ್ಗದ ದಾರಿಯನ್ನು ಹುಡುಕಬೇಕು. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದರೆ ವರ್ಷದ ಜೀವನವೆಚ್ಚವನ್ನು ಮೊದಲೇ ಖಾತೆಯಲ್ಲಿ ಇಟ್ಟು ತೋರಿಸಬೇಕು, ಆ ನಾಡಿನ ಭಾಷೆಯನ್ನೂ ಕಲಿಯಬೇಕು. ಮನೆಯಲ್ಲೊಂದು, ಬೀದಿಯಲ್ಲೊಂದು, ಶಾಲೆಯಲ್ಲೊಂದು ಭಾಷೆಯಾಡಿ ಬೆಳೆದ ನಮ್ಮ ಮಕ್ಕಳಿಗೆ ಮತ್ತೊಂದು ಭಾಷೆ ಭಾರವಾಗಲಾರದು.

ಇದರಲ್ಲಿ ಮತ್ತೊಂದು ತೊಡಕಿದೆ. ಬ್ಯಾಂಕುಗಳು ಸಾಮಾನ್ಯವಾಗಿ 7.5 ಲಕ್ಷ ರೂಪಾಯಿ ಮೀರಿದ ವಿದ್ಯಾಸಾಲಕ್ಕೆ ಆಸ್ತಿಯ ಆಧಾರ ಕೇಳುತ್ತವೆ. ಗಣಿಯ ಲೈನ್‌ಮನೆಯಲ್ಲಿ ಮೂರು ತಲೆಮಾರು ವಾಸವಿರುವುದು ಬೇರೆ, ಮನೆಗೆ ಹಕ್ಕುಪತ್ರವಿರುವುದು ಬೇರೆ. ಪತ್ರವಿಲ್ಲದವರು ಹೆಚ್ಚು ಬಡ್ಡಿಯ ಖಾಸಗಿ ಸಾಲದ ಬಾಗಿಲಿಗೆ ಹೋಗುತ್ತಾರೆ. ಪತ್ರವಿರುವವರು ಇರುವ ಒಂದೇ ಸೂರನ್ನು ಒತ್ತೆಯಿಡುತ್ತಾರೆ. ಪ್ರತಿಭೆ ಮಗಳದು, ಸಹಿ ತಂದೆಯದು ಎಂಬುದನ್ನು ಇಬ್ಬರೂ ಮರೆಯಬಾರದು.

ಬಡತನದಿಂದ ಬಂದವರು ಹೋಗಲೇಬಾರದೆಂದು ಇದರ ಅರ್ಥವೆ? ಖಂಡಿತ ಅಲ್ಲ. ಡಾ. ಅಂಬೇಡ್ಕರರು 1913ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಿಂದ ಕೊಲಂಬಿಯಾಕ್ಕೆ, 1916ರಲ್ಲಿ ಅಲ್ಲಿಂದ ಲಂಡನ್ನಿಗೆ ಹೋದರು. ವೇತನದ ಅವಧಿ ಮುಗಿಯಲು 1917ರಲ್ಲಿ ವ್ಯಾಸಂಗವನ್ನು ಅರ್ಧಕ್ಕೆ ನಿಲ್ಲಿಸಿ ಹಿಂದಿರುಗಬೇಕಾಯಿತು. ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಹೇಳಿ, ಆ ಸಂಬಳದಲ್ಲಿ ಉಳಿಸಿ, ಕೊಲ್ಲಾಪುರದ ಶಾಹು ಮಹಾರಾಜರ ನೆರವನ್ನೂ ಪಡೆದು 1920ರಲ್ಲಿ ಮತ್ತೆ ಲಂಡನ್ ಸೇರಿದರು, 1923ರಲ್ಲಿ ಡಿ.ಎಸ್‌ಸಿ. ಪದವಿ ಪಡೆದರು. ಅಂತಹ ಮೇಧಾವಿಗೂ ಹಣ ಮುಗಿದಾಗ ಹಡಗು ಹತ್ತಬೇಕಾಯಿತು. ಊರಿನ ಸಂಬಳವೇ ಅವರನ್ನು ಮತ್ತೆ ಕಡಲಾಚೆಗೆ ಕಳುಹಿಸಲು ನೆರವಾಯಿತು. ಎರಡು ವರ್ಷ ತಡವಾಗಿ ಹೋಗುವುದು ಸೋಲಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಇಂದು ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ರಾಜ್ಯ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆಯಿದೆ. ಇವುಗಳ ಸುದ್ದಿ ನಮ್ಮ ತರಗತಿಗಳಿಗೆ ಬರುವ ಮುನ್ನವೇ ಏಜೆಂಟರ ಕರಪತ್ರ ಬಂದಿರುತ್ತದೆ. ಉಚಿತ ಸಲಹೆ ಎಂದು ಅದರಲ್ಲಿ ಅಚ್ಚಾಗಿರುತ್ತದೆ. ಪ್ರವೇಶವಾದೊಡನೆ ಎಷ್ಟೋ ವಿದೇಶೀ ವಿದ್ಯಾಸಂಸ್ಥೆಗಳು ಏಜೆಂಟರಿಗೆ ದಲ್ಲಾಳಿ ಹಣ ಕೊಡುತ್ತವೆಂಬುದು ಅಚ್ಚಾಗಿರುವುದಿಲ್ಲ. ದಲ್ಲಾಳಿ ಪಡೆಯದೆ ಸಲಹೆ ಹೇಳಬಲ್ಲವರು ಅಧ್ಯಾಪಕರಾದ ನಾವು. ಸಹಿ ಬೀಳುವ ಮುನ್ನ ವಿದ್ಯಾರ್ಥಿಯನ್ನೂ ಅವನ ತಂದೆತಾಯಿಯನ್ನೂ ಕೂರಿಸಿಕೊಂಡು, ಒಂದು ಹಾಳೆಯ ಮೇಲೆ ಊರಿನ ಸಂಬಳದ ಲೆಕ್ಕವನ್ನು ಬರೆದು ತೋರಿಸುವಷ್ಟು ಬಿಡುವನ್ನು ನಾವು ಮಾಡಿಕೊಳ್ಳಬೇಕು. ಶಿಫಾರಸು ಪತ್ರ ಬರೆದುಕೊಡುವುದಕ್ಕಿಂತ ಇದು ಹೆಚ್ಚಿನ ಉಪಕಾರ.