ಅಭಿಮಾನದ ತಕ್ಕಡಿಯಲ್ಲಿ ತೂಗದ ತಪ್ಪು

2024ರ ಏಪ್ರಿಲ್ 1ರ ಸಂಜೆ ಗುರುಮಠಕಲ್ ಬಸ್ ನಿಲ್ದಾಣದ ಸಮೀಪದ ಚಹಾದಂಗಡಿಯಲ್ಲಿ ಕುಳಿತಿದ್ದೆ. ಟಿ.ವಿ.ಯಲ್ಲಿ ಮುಂಬೈನ ವಾಂಖೆಡೆ ಕ್ರೀಡಾಂಗಣದ ಐಪಿಎಲ್ ಪಂದ್ಯ. ಟಾಸ್‌ಗೆ ಬಂದ ಹಾರ್ದಿಕ್ ಪಾಂಡ್ಯ ಅವರನ್ನು ಅವರದೇ ತಂಡದ ಪ್ರೇಕ್ಷಕರು ಕೂಗಿ ಹೀಯಾಳಿಸುತ್ತಿದ್ದರು. ಟಾಸ್ ನಡೆಸಿಕೊಡುತ್ತಿದ್ದ ಸಂಜಯ್ ಮಾಂಜ್ರೇಕರ್, ಸಭ್ಯವಾಗಿ ವರ್ತಿಸುವಂತೆ ಜನರಿಗೆ ಮೈಕಿನಲ್ಲೇ ಹೇಳಬೇಕಾಯಿತು.

ನಮ್ಮದು ಗಡಿಯ ಊರು. ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಆದ್ದರಿಂದ ಇಲ್ಲಿನ ಹುಡುಗರಲ್ಲಿ ಅರ್ಧದಷ್ಟು ಮಂದಿ ಬೆಂಗಳೂರು ತಂಡದವರಾದರೆ ಉಳಿದರ್ಧ ಸನ್‌ರೈಸರ್ಸ್ ಪಕ್ಷ. ಆದರೆ ಅಂದು ಪಾಂಡ್ಯ ಅವರನ್ನು ಬಯ್ಯುವುದರಲ್ಲಿ ಎರಡೂ ಪಕ್ಷಗಳಿಗೆ ಒಮ್ಮತವಿತ್ತು. ಆತ ಮಾಡಿದ ತಪ್ಪೇನೆಂದು ಕೇಳಿದೆ. ‘ರೋಹಿತ್‌ನ ಕ್ಯಾಪ್ಟನ್‌ಗಿರಿ ಕಸ್ಕೊಂಡಾನ್ರೀ ಸರ್’ ಎಂದ ಒಬ್ಬ. 2019ರಲ್ಲಿ ಹೆಣ್ಣುಮಕ್ಕಳ ಬಗ್ಗೆ ಆಡಿದ ಮಾತು ನೆನಪಿದೆಯೇ ಎಂದೆ. ‘ಅದು ಹಳೇದು ಬಿಡ್ರೀ’ ಎಂಬ ಉತ್ತರ ಬಂತು.

ಆ ‘ಹಳೆಯದನ್ನು’ ಸ್ವಲ್ಪ ನೆನಪಿಸಿಕೊಳ್ಳುವುದು ಒಳ್ಳೆಯದು. 2019ರ ಜನವರಿ ಆರಂಭದಲ್ಲಿ ‘ಕಾಫಿ ವಿತ್ ಕರಣ್’ ಕಾರ್ಯಕ್ರಮದಲ್ಲಿ ಪಾಂಡ್ಯ ಮತ್ತು ನಮ್ಮ ಕರ್ನಾಟಕದ ಕೆ.ಎಲ್. ರಾಹುಲ್ ಕಾಣಿಸಿಕೊಂಡರು. ಹೆಣ್ಣುಮಕ್ಕಳನ್ನು ಕುರಿತ ಕೀಳು ಅಭಿರುಚಿಯ ಮಾತುಗಳಲ್ಲಿ ಹೆಚ್ಚಿನವು ಪಾಂಡ್ಯ ಅವರವು. ಟೀಕೆ ಭುಗಿಲೆದ್ದಿತು. ಪಾಂಡ್ಯ ಕ್ಷಮೆ ಕೋರಿದರು. ತಂಡ ಈ ಮಾತುಗಳನ್ನು ಸಮರ್ಥಿಸುವುದಿಲ್ಲವೆಂದು ನಾಯಕ ವಿರಾಟ್ ಕೊಹ್ಲಿ ಸಿಡ್ನಿಯಲ್ಲಿ ಹೇಳಿದರು. ಸುಪ್ರೀಂ ಕೋರ್ಟ್ ನೇಮಿಸಿದ್ದ ಆಡಳಿತಗಾರರ ಸಮಿತಿ ಜನವರಿ 11ರಂದು ಇಬ್ಬರನ್ನೂ ಅಮಾನತುಗೊಳಿಸಿ ಆಸ್ಟ್ರೇಲಿಯಾದಿಂದ ವಾಪಸು ಕರೆಸಿತು. ಜಿಲೆಟ್ ಕಂಪನಿ ಪಾಂಡ್ಯ ಜತೆಗಿನ ಸಂಬಂಧವನ್ನು ತಡೆಹಿಡಿಯಿತು. ಜನವರಿ 24ರಂದು ಅಮಾನತು ತೆರವಾಯಿತು. ಏಪ್ರಿಲ್‌ನಲ್ಲಿ ಮಂಡಳಿಯ ಒಂಬುಡ್ಸ್‌ಮನ್ ಡಿ.ಕೆ. ಜೈನ್ ಅವರು ತಲಾ 20 ಲಕ್ಷ ರೂಪಾಯಿ ದಂಡ ವಿಧಿಸಿ, ಅದರಲ್ಲಿ 10 ಲಕ್ಷವನ್ನು ಕರ್ತವ್ಯದಲ್ಲಿ ಮಡಿದ ಅರೆಸೇನಾ ಪಡೆಗಳ 10 ಕಾನ್‌ಸ್ಟೆಬಲ್‌ಗಳ ಕುಟುಂಬಗಳಿಗೆ, ಉಳಿದ 10 ಲಕ್ಷವನ್ನು ಅಂಧರ ಕ್ರಿಕೆಟ್‌ಗೆ ನೀಡುವಂತೆ ಆದೇಶಿಸಿದರು.

ಇವು ಸಂಸ್ಥೆಗಳು ಕೈಗೊಂಡ ಕ್ರಮಗಳು. ಅಭಿಮಾನಿಗಳು ಮಾಡಿದ್ದೇನು? ಅಮಾನತು ತೆರವಾದ ನಾಲ್ಕೇ ದಿನಕ್ಕೆ ನ್ಯೂಜಿಲೆಂಡ್‌ನಲ್ಲಿ ಪಾಂಡ್ಯ, ಕೇನ್ ವಿಲಿಯಮ್ಸನ್ ಅವರ ಕ್ಯಾಚನ್ನು ಗಾಳಿಯಲ್ಲಿ ಹಾರಿ ಹಿಡಿದರು. ಬಹುಪಾಲು ಅಭಿಮಾನಿಗಳ ಮಟ್ಟಿಗೆ ಪ್ರಕರಣ ಅಲ್ಲಿಗೇ ಮುಗಿಯಿತು. ರಾಹುಲ್ ಆ ವರ್ಷದ ಐಪಿಎಲ್‌ನಲ್ಲಿ 593 ರನ್ ಗಳಿಸಿದರು, ವಿಶ್ವಕಪ್‌ನಲ್ಲಿ ಶ್ರೀಲಂಕಾ ವಿರುದ್ಧ ಶತಕ ಬಾರಿಸಿದರು. ಅವರ ವಿಷಯದಲ್ಲಿ ಕನ್ನಡಿಗರಾದ ನಾವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ‘ನಮ್ಮ ಹುಡುಗ ಪಕ್ಕದಲ್ಲಿ ಕುಳಿತಿದ್ದನಷ್ಟೇ’ ಎಂದು ಸಮಾಧಾನ ಹೇಳಿಕೊಂಡೆವು. ಈ ಮಾತನ್ನು ನಾನೂ ಆಡಿದ್ದೇನೆ.

ಐದು ವರ್ಷಗಳ ನಂತರ ಅದೇ ಪಾಂಡ್ಯ, ರೋಹಿತ್ ಶರ್ಮಾ ಅವರ ಸ್ಥಾನದಲ್ಲಿ ಮುಂಬೈ ನಾಯಕರಾದಾಗ, ಮೂರು ನಗರಗಳ ಕ್ರೀಡಾಂಗಣಗಳಲ್ಲಿ ಸತತವಾಗಿ ಹೀಯಾಳಿಕೆಗೆ ಗುರಿಯಾದರು. ನಾಯಕನನ್ನು ಆರಿಸುವುದು ತಂಡದ ಮಾಲೀಕರು. ಅದು ಆಟಗಾರನ ಅಪರಾಧವಾಗಲಾರದು. ಮುಂದೆ ಜೂನ್ 29ರಂದು ಟಿ20 ವಿಶ್ವಕಪ್ ಫೈನಲಿನ ಕೊನೆಯ ಓವರನ್ನು ಪಾಂಡ್ಯ ಎಸೆದು ಭಾರತ ಗೆದ್ದಾಗ, ಜುಲೈ 4ರಂದು ಅದೇ ವಾಂಖೆಡೆಯಲ್ಲಿ ಅವರ ಹೆಸರಿನ ಜಯಘೋಷ ಮೊಳಗಿತು.

ಇದರಿಂದ ಹೊರಡುವ ತೀರ್ಮಾನ ಹಿತಕರವಲ್ಲ. ಅಭಿಮಾನಿಗೆ ಕೋಪ ಬರುವುದೇ ಇಲ್ಲವೆನ್ನುವುದು ಸುಳ್ಳು, ಬೇಕಾದಷ್ಟು ಬರುತ್ತದೆ. ಆದರೆ ಅದು ಬರುವುದು ತನ್ನ ತಂಡಕ್ಕೆ, ತನ್ನ ನೆಚ್ಚಿನ ಆಟಗಾರನಿಗೆ ಅನ್ಯಾಯವಾಯಿತೆಂದು ತೋರಿದಾಗ. ಅವಮಾನಕ್ಕೊಳಗಾದವರು ಹೆಣ್ಣುಮಕ್ಕಳಾದರೆ ಅದು ‘ಹಳೆಯದು’. ನಾಯಕಪಟ್ಟದ ವಿಷಯ ಮಾತ್ರ ಸದಾ ಹೊಸದು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಇದರಲ್ಲಿ ನನಗೊಂದು ಪರಿಚಿತ ಲಕ್ಷಣ ಕಾಣುತ್ತದೆ. ನಷ್ಟದ ಷೇರನ್ನು ಮಾರಲಾರದ ಹೂಡಿಕೆದಾರ, ಮಾರಿದರೆ ತನ್ನ ಆಯ್ಕೆಯೇ ತಪ್ಪೆಂದು ಒಪ್ಪಿಕೊಂಡಂತಾಗುವುದೆಂದು ಅಂಜುತ್ತಾನೆ. ಅಭಿಮಾನಿ ಹೂಡಿರುವುದು ಹಣಕ್ಕಿಂತ ಹೆಚ್ಚಾಗಿ ವರ್ಷಗಳನ್ನು. ಆಟಗಾರನ ತಪ್ಪನ್ನು ಒಪ್ಪಿದರೆ ಆ ವರ್ಷಗಳೇ ವ್ಯರ್ಥವೆನಿಸೀತೆಂದು ಆತ ಸಮರ್ಥನೆಗೆ ಇಳಿಯುತ್ತಾನೆ. ಹೀಗೆ ಒಪ್ಪಿಕೊಳ್ಳಲಾರದ ತಪ್ಪಿನ ಬೆಲೆಯನ್ನು ತೆರುವವರು ಬೇರೆ ಯಾರೋ.

ಆ ಬೆಲೆ ಏನೆಂಬುದನ್ನು ನಾನು ಸೇವೆಯಲ್ಲಿದ್ದಾಗ ಕಂಡಿದ್ದೇನೆ. ಬರಗಾಲದ ಒಂದು ವರ್ಷ ನನ್ನ ಕೈಕೆಳಗಿದ್ದ ಅಧಿಕಾರಿಯೊಬ್ಬರು ಹಗಲಿರುಳು ದುಡಿದು ಜನರ ಪ್ರೀತಿ ಗಳಿಸಿದ್ದರು. ಅದೇ ಕಚೇರಿಯ ಮಹಿಳಾ ಗುಮಾಸ್ತೆ, ಅವರ ಮಾತು ಸಹಿಸಲಸಾಧ್ಯವೆಂದು ದೂರಿಕೊಂಡರು. ಸುದ್ದಿ ಹೊರಬಿದ್ದೊಡನೆ ಊರಿನ ಹಿರಿಯರು ಅಧಿಕಾರಿಯ ಪರ ಮನವಿ ತಂದರು. ‘ಒಳ್ಳೆಯ ಕೆಲಸಗಾರ’ ಎಂದು ನಾನೂ ಬಾಯಿಮಾತಿನ ಎಚ್ಚರಿಕೆ ನೀಡಿ ಕಡತ ಮುಚ್ಚಿದೆ. ಮೂರು ತಿಂಗಳಲ್ಲಿ ಆಕೆ ವರ್ಗಾವಣೆ ಕೇಳಿ ಹೊರಟುಹೋದರು. ಸರ್ಕಾರಿ ನೌಕರನ ಸ್ಥಾನಕ್ಕೆ ತಕ್ಕುದಲ್ಲದ ನಡತೆ ಕೂಡದೆಂದು ನಡತೆ ನಿಯಮಗಳು ಹೇಳುತ್ತವೆ. ಬರ ಪರಿಹಾರ ಚೆನ್ನಾಗಿ ಹಂಚಿದವರಿಗೆ ವಿನಾಯಿತಿ ಉಂಟೆಂದು ಎಲ್ಲಿಯೂ ಹೇಳುವುದಿಲ್ಲ. ಆ ವಿನಾಯಿತಿಯನ್ನು ಕೊಟ್ಟವನು ನಾನು.

ಆಟಗಾರನೇನು ಸಂತನೇ, ಆಟವನ್ನಷ್ಟೇ ನೋಡಿ ಎನ್ನುವವರಿದ್ದಾರೆ. ಆಟವನ್ನಷ್ಟೇ ಮಾರಿದ್ದರೆ ಈ ವಾದ ನಿಲ್ಲುತ್ತಿತ್ತು. ಆದರೆ ಜಾಹೀರಾತಿನ ಹಣ ಸಲ್ಲುವುದು ಬ್ಯಾಟಿಂಗಿಗಲ್ಲ, ಮಾದರಿ ವ್ಯಕ್ತಿ ಎಂಬ ಚಿತ್ರಕ್ಕೆ. ಆ ಚಿತ್ರದ ಲಾಭ ಬೇಕು, ಹೊಣೆ ಬೇಡವೆಂದರೆ ಹೇಗೆ?

ಹಾಗೆಂದು ಒಂದು ಮಾತಿಗಾಗಿ ಆಟಗಾರನ ಜೀವನವನ್ನೇ ಮುಗಿಸಬೇಕೆಂದು ನಾನು ಹೇಳುತ್ತಿಲ್ಲ. ಆಡಿದ್ದು ಅಸಭ್ಯ ಮಾತೇ ಹೊರತು ಕಾನೂನಿನ ಕಣ್ಣಿನಲ್ಲಿ ಘೋರ ಅಪರಾಧವಲ್ಲ. ಅಮಾನತು, ವಿಚಾರಣೆ, ದಂಡ, ಮರಳಿ ಅವಕಾಶ: ಈ ಕ್ರಮ ಒಟ್ಟಾರೆ ಸರಿಯಾಗಿಯೇ ಇತ್ತು. ಆ ಅಮಾನತು ತಮ್ಮನ್ನು ಬಹಳವಾಗಿ ಕುಗ್ಗಿಸಿತೆಂದು ರಾಹುಲ್ 2024ರಲ್ಲಿ ಹೇಳಿಕೊಂಡಿದ್ದಾರೆ. ಅವರನ್ನು ಕ್ಷಮಿಸಲು ಅಡ್ಡಿಯಿಲ್ಲ. ಆದರೆ ಕ್ಷಮಿಸಬೇಕಾದರೆ ಮೊದಲು ತಪ್ಪನ್ನು ತಪ್ಪೆಂದು ಕರೆಯಬೇಕು. ನಾವು ಮಾಡಿದ್ದು ಕ್ಷಮೆಯಲ್ಲ, ಮರೆವು. 593 ರನ್ ಆ ಮಾತನ್ನು ತೊಳೆಯುವುದಿಲ್ಲ. ಆ ಮಾತು 593 ರನ್ನುಗಳಲ್ಲಿ ಒಂದನ್ನೂ ಕಳೆಯುವುದಿಲ್ಲ. ಎರಡೂ ಲೆಕ್ಕಗಳನ್ನು ಬೇರೆ ಬೇರೆ ಪುಟಗಳಲ್ಲಿ ಬರೆದಿಡುವಷ್ಟು ಪ್ರಾಮಾಣಿಕತೆ ಅಭಿಮಾನಿಗೆ ಇರಬೇಕು.

ಅಂದು ಚಹಾದಂಗಡಿಯಲ್ಲಿ ಹುಡುಗರ ಮಾತು ಕೇಳುತ್ತ, ಕಾಲೇಜು ಚೀಲ ಹೆಗಲಿಗೇರಿಸಿಕೊಂಡ ಇಬ್ಬರು ಹೆಣ್ಣುಮಕ್ಕಳು ಹೊರಗೆ ಬಸ್ಸಿಗೆ ಕಾದು ನಿಂತಿದ್ದರು. ‘ಹಳೇದು ಬಿಡ್ರೀ’ ಎಂಬುದು ಅವರ ಕಿವಿಗೂ ಬಿದ್ದಿರಬೇಕು. ತಮ್ಮ ಕುರಿತ ಮಾತು ಎಷ್ಟು ಬೇಗ ಹಳೆಯದಾಗುತ್ತದೆಂಬುದನ್ನು ಅವರಿಗೆ ಕಲಿಸುತ್ತಿರುವವರು ಪಾಂಡ್ಯ ಅಲ್ಲ, ನಾವು.